ಬಣ್ಣ ನೋಡಿ ಕೆಲಸದಿಂದ ತೆಗೆದರು ಅಂತ ಕೋರ್ಟಿನಲ್ಲಿ ತೋರಿಸುವುದು ಹೇಗೆ?

ಅಮೆರಿಕದಲ್ಲಿ ಯಾರನ್ನಾದರೂ ಅನ್ಯಾಯವಾಗಿ ಕೆಲಸದಿಂದ ತೆಗೆದರೆ ಸೀದಾ ಕೋರ್ಟಿಗೆ ಹೋಗಿ ಲಕ್ಷಗಟ್ಟಲೆ ಡಾಲರ್ ಪರಿಹಾರ ತರಬಹುದು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಮೊದಲು ಆ ನಂಬಿಕೆಯನ್ನು ಪಕ್ಕಕ್ಕಿಡಿ. ಅಲ್ಲಿ ಖಾಸಗಿ ಕಂಪನಿಯ ಬಾಸ್ ಯಾವ ಕಾರಣವನ್ನೂ ಕೊಡದೆ "ನಾಳೆಯಿಂದ ಬರಬೇಡಿ" ಅನ್ನಬಹುದು. ಯೂನಿಯನ್ ಒಪ್ಪಂದವೋ ಬರವಣಿಗೆಯ ಕರಾರೋ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಮೊಂಟಾನಾ ರಾಜ್ಯವೊಂದನ್ನು ಬಿಟ್ಟು ಎಲ್ಲ ಕಡೆ ಇದೇ ನಿಯಮ. ಬಾಸ್‌ಗೆ ನಿಮ್ಮನ್ನು ಕಂಡರೆ ಆಗುವುದಿಲ್ಲ, ನಿಮ್ಮ ಜಾಗಕ್ಕೆ ತನ್ನ ಭಾಮೈದನನ್ನು ತರಬೇಕು, ಇವೆಲ್ಲ ಅನ್ಯಾಯವೇ. ಆದರೆ ಕಾನೂನಿಗೆ ವಿರುದ್ಧ ಅಲ್ಲ.

ಕೆಲವೇ ಕೆಲವು ಕಾರಣಗಳನ್ನು ಮಾತ್ರ ಕಾನೂನು ಬೇಡ ಅಂದಿದೆ. ಜನಾಂಗ ಅದರಲ್ಲಿ ಒಂದು. ಹಾಗಾಗಿ ನ್ಯಾಯಾಧೀಶರ ಮುಂದೆ ಇರುವ ಪ್ರಶ್ನೆ "ಈ ಮನುಷ್ಯನಿಗೆ ಅನ್ಯಾಯ ಆಯಿತಾ" ಅಂತ ಅಲ್ಲವೇ ಅಲ್ಲ. "ಇವನು ಬೇರೆ ಜನಾಂಗದವನಾಗಿದ್ದರೆ ಹೀಗೆ ಆಗುತ್ತಿತ್ತಾ?" ಅನ್ನುವುದೇ ಪ್ರಶ್ನೆ. ಕೇಸು ಗೆಲ್ಲುವುದು, ಸೋಲುವುದು ಎಲ್ಲ ಇದರ ಸುತ್ತಲೇ ನಡೆಯುತ್ತದೆ. ಅದನ್ನು ತೋರಿಸುವ ದಾರಿ 50 ವರ್ಷಗಳಲ್ಲಿ ಹೇಗೆ ಅಗಲವಾಯಿತು, ಹೇಗೆ ಮತ್ತೆ ಕಿರಿದಾಯಿತು, ಈಗ ಎಲ್ಲಿಗೆ ಬಂದಿದೆ ಅನ್ನುವುದನ್ನು ಇವತ್ತು ಹೇಳುತ್ತೇನೆ.

ಕಾನೂನುಗಳು ಎರಡು. ಒಂದು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಟೈಟಲ್ ಸೆವೆನ್, ಅಂದರೆ ಕೆಲಸದ ವಿಷಯದಲ್ಲಿ ತಾರತಮ್ಯ ಬೇಡ ಅನ್ನುವ ಏಳನೇ ಭಾಗ. ಇದು 15 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅನ್ವಯಿಸುತ್ತದೆ. ಇನ್ನೊಂದು ಅದಕ್ಕಿಂತ ಸುಮಾರು 100 ವರ್ಷ ಹಳೆಯದು, 1866ರದ್ದು. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನರಿಗೂ ಬಿಳಿಯರಷ್ಟೇ ಕರಾರು ಮಾಡಿಕೊಳ್ಳುವ ಹಕ್ಕಿದೆ ಅಂತ ಹೇಳಿದ ಕಾನೂನು. ಕೆಲಸವೂ ಒಂದು ಕರಾರೇ, ಅಲ್ವಾ? ಹಾಗಾಗಿ ಇದು ಇವತ್ತಿಗೂ ಬಳಕೆಯಲ್ಲಿದೆ. ವಕೀಲರು ಇದನ್ನು ಸೆಕ್ಷನ್ 1981 ಅನ್ನುತ್ತಾರೆ. ಅದು ಸೆಕ್ಷನ್ನಿನ ಸಂಖ್ಯೆ, ವರ್ಷ ಅಲ್ಲ.

ನಿಮ್ಮಲ್ಲಿ ಎಚ್-1ಬಿ ವೀಸಾ ಮೇಲೆ ಹೋಗುವವರು, ಮಕ್ಕಳನ್ನು ಕಳಿಸಿದವರು ಇದ್ದೀರಿ. ಅಲ್ಲಿನ ಪೌರರಾಗಿರದಿದ್ದರೂ ಅಮೆರಿಕದ ನೆಲದಲ್ಲಿ ಕೆಲಸ ಮಾಡುವವರಿಗೆ ಈ ಎರಡೂ ಕಾನೂನುಗಳ ರಕ್ಷಣೆ ಇದೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಗೆ ಕೆಲಸ ಮಾಡುವ ಭಾರತೀಯರಿಗೆ ಟೈಟಲ್ ಸೆವೆನ್ ಇಲ್ಲ. ಇದನ್ನು ಬಹಳ ಜನ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಈಗ ಗಡುವು. ಒಳ್ಳೆ ಒಳ್ಳೆ ಕೇಸುಗಳು ಸಾಯುವುದು ಇಲ್ಲೇ. ಟೈಟಲ್ ಸೆವೆನ್ ಅಡಿ ನೇರವಾಗಿ ಕೋರ್ಟಿಗೆ ಹೋಗುವ ಹಾಗಿಲ್ಲ. ಮೊದಲು ಇಇಒಸಿ ಅನ್ನುವ ಕೇಂದ್ರ ಆಯೋಗಕ್ಕೆ ದೂರು ಕೊಡಬೇಕು. ಅದಕ್ಕೆ 180 ದಿನ. ರಾಜ್ಯದಲ್ಲೂ ಅಂಥದ್ದೊಂದು ಸಂಸ್ಥೆ ಇದ್ದರೆ 300 ದಿನ. ಆಯೋಗ ತನಿಖೆ ಮುಗಿಸಿ "ನೀವು ಕೋರ್ಟಿಗೆ ಹೋಗಬಹುದು" ಅಂತ ಪತ್ರ ಕೊಟ್ಟ ಮೇಲೆ 90 ದಿನದೊಳಗೆ ದಾವೆ ಹಾಕಬೇಕು. 1866ರ ಕಾನೂನಿನಡಿ ಆಯೋಗದ ಮೆಟ್ಟಿಲು ಹತ್ತಬೇಕಿಲ್ಲ. ಹೆಚ್ಚಿನ ಕೇಸುಗಳಲ್ಲಿ 4 ವರ್ಷ ಸಮಯವೂ ಸಿಗುತ್ತದೆ.

ದಿನ ಎಣಿಸುವುದು ಎಲ್ಲಿಂದ? ಡೆಲವೇರ್ ರಾಜ್ಯದ ಕಾಲೇಜೊಂದರಲ್ಲಿ ಲೈಬೀರಿಯಾ ಮೂಲದ ಕಪ್ಪು ಪ್ರಾಧ್ಯಾಪಕರೊಬ್ಬರಿದ್ದರು. ಅವರನ್ನು ಕಾಯಂ ಮಾಡುವುದಿಲ್ಲ ಅಂತ ಕಾಲೇಜು ಹೇಳಿತು, ಕೊನೆಯದಾಗಿ ಒಂದು ವರ್ಷದ ಕರಾರು ಕೊಟ್ಟಿತು. ಅವರು ಕೆಲಸ ಮುಗಿಯುವ ದಿನದಿಂದ ಲೆಕ್ಕ ಹಾಕಿಕೊಂಡರು. ನಾವಾದರೂ ಹಾಗೇ ಲೆಕ್ಕ ಹಾಕುತ್ತಿದ್ದೆವು. 1980ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿರ್ಧಾರವನ್ನು ತಿಳಿಸಿದ ದಿನವೇ ಗಡಿಯಾರ ಶುರುವಾಯಿತು ಅಂದಿತು. ಅವರಿಗೆ ನಿಜವಾಗಿ ತಾರತಮ್ಯ ಆಗಿತ್ತಾ ಅನ್ನುವ ವಿಷಯಕ್ಕೆ ಕೋರ್ಟು ಹೋಗಲೇ ಇಲ್ಲ. ಮೂರು ತಿಂಗಳ ನೋಟಿಸ್ ಕೊಟ್ಟು ಕಳಿಸುವ ಕಂಪನಿಗಳಲ್ಲಿ ಇರುವವರು ಇದನ್ನು ಗಮನದಲ್ಲಿಡಿ. ನೋಟಿಸ್ ಕೈಗೆ ಬಂದ ದಿನವೇ ನಿಮ್ಮ ಮೊದಲ ದಿನ.

ಇನ್ನು ಪುರಾವೆ. ಈ ವಿಷಯದಲ್ಲಿ ಪರ್ಸಿ ಗ್ರೀನ್ ಅವರ ಕೇಸನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಸೇಂಟ್ ಲೂಯಿಸ್ ಊರಿನಲ್ಲಿ ವಿಮಾನ ತಯಾರಿಸುವ ಮ್ಯಾಕ್‌ಡಾನೆಲ್ ಕಂಪನಿಯಲ್ಲಿ ಅವರು ಮೆಕ್ಯಾನಿಕ್. ಕಪ್ಪು ಜನಾಂಗದವರು, ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮುಂಚೂಣಿಯಲ್ಲಿದ್ದವರು. ಆ ಊರಿನ ಪ್ರಸಿದ್ಧ ಗೇಟ್‌ವೇ ಕಮಾನು ಕಟ್ಟುತ್ತಿದ್ದಾಗ, ಆ ಕಾಮಗಾರಿಯಲ್ಲಿ ಕಪ್ಪು ಜನರಿಗೆ ಕೆಲಸ ಕೊಡುತ್ತಿಲ್ಲ ಅಂತ 1964ರ ಜುಲೈನಲ್ಲಿ ಅದರ ಮೇಲೆ ಹತ್ತಿ ಪ್ರತಿಭಟಿಸಿದ ಇಬ್ಬರಲ್ಲಿ ಅವರೂ ಒಬ್ಬರು. ಆಗಸ್ಟ್‌ನಲ್ಲಿ ಕಂಪನಿ ಅವರನ್ನು ಕೆಲಸದಿಂದ ಕಡಿತ ಮಾಡಿತು. ಅದನ್ನು ಪ್ರತಿಭಟಿಸಿ ಅವರು ಮತ್ತು ಸಂಗಡಿಗರು ಶಿಫ್ಟ್ ಬದಲಾಗುವ ಹೊತ್ತಿಗೆ ಕಾರ್ಖಾನೆಗೆ ಹೋಗುವ ರಸ್ತೆಗಳಲ್ಲಿ ಕಾರು ನಿಲ್ಲಿಸಿ ದಾರಿ ಕಟ್ಟಿದರು. ಮುಂದಿನ ವರ್ಷ ಜುಲೈನಲ್ಲಿ ಕಂಪನಿ ಮೆಕ್ಯಾನಿಕ್‌ಗಳು ಬೇಕಾಗಿದ್ದಾರೆ ಅಂತ ಜಾಹೀರಾತು ಹಾಕಿತು. ಗ್ರೀನ್ ಅರ್ಜಿ ಹಾಕಿದರು. ಕಂಪನಿ ತಿರಸ್ಕರಿಸಿತು. ಕಾರಣ ಕೇಳಿದರೆ, ರಸ್ತೆ ತಡೆದವರನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದಿತು.

"ನೀನು ಕಪ್ಪಗಿದ್ದೀಯ, ಅದಕ್ಕೇ ಕೆಲಸ ಇಲ್ಲ" ಅಂತ ಯಾವ ಮ್ಯಾನೇಜರ್ ತಾನೇ ಬರೆದುಕೊಡುತ್ತಾನೆ? 1973ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಈ ತೊಡಕನ್ನು ಬಿಡಿಸಲು ನೋಡಿತು. ಅದು ಹಾಕಿಕೊಟ್ಟ ದಾರಿ ಹೀಗೆ. ನೀವು ಅಲ್ಪಸಂಖ್ಯಾತ ಜನಾಂಗಕ್ಕೆ ಸೇರಿದವರು, ಕೆಲಸಕ್ಕೆ ಅರ್ಹತೆ ಇತ್ತು, ಅರ್ಜಿ ಹಾಕಿದಿರಿ, ತಿರಸ್ಕರಿಸಿದರು, ಆಮೇಲೂ ಅದೇ ಕೆಲಸಕ್ಕೆ ಜನ ಹುಡುಕುತ್ತಲೇ ಇದ್ದರು. ಇಷ್ಟು ತೋರಿಸಿದರೆ ಬಾಯಿ ಬಿಡಬೇಕಾದ ಸರದಿ ಕಂಪನಿಯದು. ಅದು ಒಂದು ಕಾರಣ ಕೊಡಬೇಕು. ಆಮೇಲೆ ಆ ಕಾರಣ ಬರೀ ನೆಪ ಅಂತ ತೋರಿಸುವ ಅವಕಾಶ ನಿಮಗೆ. ಗ್ರೀನ್ ಕೇಸಿನಲ್ಲಿ ಕೋರ್ಟು ಒಂದು ಒಳ್ಳೆಯ ಸುಳಿವನ್ನೂ ಕೊಟ್ಟಿತು: ಅಷ್ಟೇ ಗಂಭೀರ ತಪ್ಪು ಮಾಡಿದ ಬಿಳಿಯರನ್ನು ಕಂಪನಿ ಉಳಿಸಿಕೊಂಡಿದ್ದರೆ ಅಥವಾ ವಾಪಸ್ ತೆಗೆದುಕೊಂಡಿದ್ದರೆ, ಅದು ಬಹಳ ಮುಖ್ಯವಾದ ಪುರಾವೆ.

ಇದು ಎಷ್ಟು ದೊಡ್ಡ ಉಪಕಾರ ನೋಡಿ. ಕಾಗದಗಳೆಲ್ಲ ಕಂಪನಿಯ ಕಪಾಟಿನಲ್ಲಿ, ಸಾಕ್ಷಿಗಳೆಲ್ಲ ಅದರ ಸಂಬಳ ತಿನ್ನುವವರು. ಅಂಥ ಕಡೆ ಕಂಪನಿ ಕೂಡ ಬಾಯಿ ಬಿಡಲೇಬೇಕು ಅಂತ ಮಾಡಿದ್ದು ಈ ತೀರ್ಪು. ಇಷ್ಟಾದರೂ, ಕೇಸು ಕೆಳಗಿನ ಕೋರ್ಟಿಗೆ ವಾಪಸ್ ಹೋದ ಮೇಲೆ ಗ್ರೀನ್ ಸೋತರು. ಇವತ್ತಿಗೂ ತಾರತಮ್ಯದ ಕೇಸುಗಳ ಆದೇಶಗಳಲ್ಲಿ ಅವರ ತೀರ್ಪನ್ನು ಎತ್ತಿ ಹೇಳುತ್ತಲೇ ಇರುತ್ತಾರೆ. ಅವರಿಗೆ ಮಾತ್ರ ಆ ಕೆಲಸ ಸಿಗಲಿಲ್ಲ.

ಹೀಗೆ ತೆರೆದ ದಾರಿ ಕಿರಿದಾದದ್ದು 1993ರಲ್ಲಿ. ಮತ್ತೆ ಸೇಂಟ್ ಲೂಯಿಸ್. ಸರ್ಕಾರ ನಡೆಸುವ, ಜೈಲಿನಿಂದ ಬಿಡುಗಡೆಗೆ ಹತ್ತಿರವಾದವರನ್ನು ಇರಿಸುವ ಕೇಂದ್ರವೊಂದರಲ್ಲಿ ಒಬ್ಬ ಕಪ್ಪು ಶಿಫ್ಟ್ ಮುಖ್ಯಸ್ಥ. ಹಲವು ವರ್ಷ ಒಳ್ಳೆ ಹೆಸರಿತ್ತು. 1984ರಲ್ಲಿ ಹೊಸ ಮೇಲಧಿಕಾರಿಗಳು ಬಂದರು. ಆಮೇಲೆ ನೋಟಿಸ್ ಮೇಲೆ ನೋಟಿಸ್, ಹಿಂಬಡ್ತಿ, ಕೊನೆಗೆ ವಜಾ. ವಿಚಾರಣೆ ನಡೆಸಿದ ನ್ಯಾಯಾಧೀಶರು ಎಲ್ಲವನ್ನೂ ಕೂಲಂಕಷವಾಗಿ ನೋಡಿ ಏನು ಹೇಳಿದರು ಗೊತ್ತಾ? ಕೈಕೆಳಗಿನವರ ತಪ್ಪಿಗೆ ಶಿಕ್ಷೆ ಆಗಿರುವುದು ಇವರೊಬ್ಬರಿಗೇ, ಬೇರೆಯವರು ಇದಕ್ಕಿಂತ ದೊಡ್ಡ ತಪ್ಪು ಮಾಡಿದಾಗ ಸುಮ್ನೆ ಬಿಟ್ಟಿದ್ದಾರೆ, ಹಾಗಾಗಿ ಸಂಸ್ಥೆ ಕೊಟ್ಟ ಕಾರಣಗಳು ನಿಜವಾದ ಕಾರಣಗಳಲ್ಲ. ಇಷ್ಟು ಹೇಳಿ ಕೇಸನ್ನು ಆ ನೌಕರರ ವಿರುದ್ಧವೇ ತೀರ್ಮಾನಿಸಿದರು. ಇವರನ್ನು ಓಡಿಸಬೇಕು ಅಂತ ಹೊಂಚು ಹಾಕಿದ್ದು ನಿಜ, ಆದರೆ ಅದು ಜನಾಂಗದ ಕಾರಣಕ್ಕೆ ಅಂತ ಸಾಬೀತಾಗಿಲ್ಲ, ವೈಯಕ್ತಿಕ ದ್ವೇಷವೂ ಇರಬಹುದು ಅಂತ. ಸುಪ್ರೀಂ ಕೋರ್ಟ್ 5-4 ಮತಗಳಿಂದ ಈ ತರ್ಕವನ್ನು ಎತ್ತಿಹಿಡಿಯಿತು. ಕಂಪನಿ ಹೇಳಿದ್ದು ಸುಳ್ಳು ಅಂತ ಗೊತ್ತಾದ ಮಾತ್ರಕ್ಕೆ ನೀವು ಗೆದ್ದ ಹಾಗಲ್ಲ.

ನನಗೆ ಈ ತೀರ್ಪು ಎಷ್ಟು ಸಲ ಓದಿದರೂ ಸರಿ ಅನ್ನಿಸುವುದಿಲ್ಲ. ಪ್ರಮಾಣ ಮಾಡಿ ಕೋರ್ಟಿಗೆ ಸುಳ್ಳು ಕಾರಣ ಕೊಟ್ಟವರಿಗೆ, ಅವರೇ ಹೇಳದ ಇನ್ನೊಂದು ಕಾರಣವನ್ನು ಕೋರ್ಟು ಊಹಿಸಿಕೊಡುವುದು ಯಾವ ನ್ಯಾಯ? ಸುಳ್ಳಿನಿಂದ ತಾರತಮ್ಯವನ್ನು ಊಹಿಸಲು ಜ್ಯೂರಿಗೆ, ಅಂದರೆ ತೀರ್ಪು ಕೊಡಲು ಕೂರುವ ಸಾಮಾನ್ಯ ನಾಗರಿಕರ ತಂಡಕ್ಕೆ, ಅವಕಾಶ ಇದೆ ಅಂತ 2000ದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಕೇಸಿನಲ್ಲಿ ಸ್ಪಷ್ಟ ಮಾಡಿತು, ನಿಜ. ಊಹಿಸಬಹುದು, ಊಹಿಸಲೇಬೇಕು ಅಂತೇನಿಲ್ಲ.

ಆದರೆ ಜ್ಯೂರಿಯ ತನಕ ಹೋದರೆ ತಾನೇ? ವಿಚಾರಣೆಗೆ ಮುಂಚೆಯೇ ಕಂಪನಿ ನ್ಯಾಯಾಧೀಶರ ಮುಂದೆ ಒಂದು ಅರ್ಜಿ ಹಾಕುತ್ತದೆ: ಇದರಲ್ಲಿ ಜ್ಯೂರಿ ತೀರ್ಮಾನಿಸುವಂಥ ವಿವಾದವೇ ಇಲ್ಲ, ಕಾಗದ ನೋಡಿ ಇಲ್ಲೇ ಮುಗಿಸಿ. ಇದಕ್ಕೆ ಸಮರಿ ಜಡ್ಜ್‌ಮೆಂಟ್ ಅನ್ನುತ್ತಾರೆ. ರಾಜಿಯಾಗದೆ ಉಳಿದ ಕೇಸುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ. ಇಲ್ಲಿ ಕೋರ್ಟು ಮತ್ತೆ ಮತ್ತೆ ಕೇಳುವುದು ಒಂದೇ. ನಿಮ್ಮಂಥದ್ದೇ ಸ್ಥಿತಿಯಲ್ಲಿದ್ದು, ಕಂಪನಿ ನಿಮಗಿಂತ ಚೆನ್ನಾಗಿ ನಡೆಸಿಕೊಂಡ ಬಿಳಿಯ ಸಹೋದ್ಯೋಗಿ ಯಾರು, ತೋರಿಸಿ.

ಕೇಳಲು ಸರಳ, ಅಲ್ವಾ? ಜಾರ್ಜಿಯಾದ ಯೂನಿಯನ್ ಸಿಟಿಯ ಪೊಲೀಸ್ ಇಲಾಖೆಯ ಕೇಸು ನೋಡಿ. ಹೃದಯಾಘಾತ ಆಗಿದ್ದ ಕಪ್ಪು ಮಹಿಳಾ ಪತ್ತೇದಾರರೊಬ್ಬರಿಗೆ ಟೇಸರ್ (ಕರೆಂಟ್ ಹೊಡೆಯುವ ಆಯುಧ) ತರಬೇತಿಯಲ್ಲಿ ಮೈಗೆ ಕರೆಂಟ್ ಹೊಡೆಸಿಕೊಳ್ಳಬೇಕು ಅಂದರು. ವೈದ್ಯರು ಬೇಡ ಅಂದಿದ್ದರು. ಅವರನ್ನು ರಜೆ ಮೇಲೆ ಕಳಿಸಿದರು, ಕೆಲವೇ ವಾರಗಳಲ್ಲಿ ವಜಾ ಮಾಡಿದರು. ದೈಹಿಕ ಪರೀಕ್ಷೆಯಲ್ಲಿ ಫೇಲಾದ ಇಬ್ಬರು ಬಿಳಿಯ ಪುರುಷರಿಗೆ ಇದಕ್ಕಿಂತ ಬಹಳ ಜಾಸ್ತಿ ಸಮಯ ಕೊಟ್ಟಿದ್ದರು. 2019ರಲ್ಲಿ ಹನ್ನೊಂದನೇ ಸರ್ಕ್ಯೂಟಿನ (ಸರ್ಕ್ಯೂಟ್ ಅಂದರೆ ಕೆಲವು ರಾಜ್ಯಗಳು ಸೇರಿದ ಕೋರ್ಟಿನ ವಲಯ) ಮೇಲ್ಮನವಿ ಕೋರ್ಟು, ಎಲ್ಲ ನ್ಯಾಯಾಧೀಶರೂ ಕೂತು, ಮುಖ್ಯವಾದ ಎಲ್ಲ ವಿಷಯಗಳಲ್ಲೂ ಹೋಲಿಕೆ ಇರಬೇಕು, ಅವರಿಬ್ಬರಿಗೆ ಅನ್ವಯಿಸಿದ ನಿಯಮ ಬೇರೆ, ಹಾಗಾಗಿ ಹೋಲಿಕೆ ನಿಲ್ಲುವುದಿಲ್ಲ ಅಂದಿತು. ಒಂದು ಸಣ್ಣ ಇಲಾಖೆಯಲ್ಲಿ ಅದೇ ಕಾಲಕ್ಕೆ ಅದೇ ನಿಯಮದಡಿ ಅದೇ ತೊಂದರೆಗೆ ಸಿಕ್ಕಿಕೊಂಡ ಬಿಳಿಯ ಪತ್ತೇದಾರರನ್ನು ಆಕೆ ಎಲ್ಲಿಂದ ತರಬೇಕು? ಕಪ್ಪು ನೌಕರರಿಗೆ ದಾರಿ ಮಾಡಿಕೊಡಲು ಬಂದ ಹೋಲಿಕೆಯ ಸೂತ್ರವೇ ದಾರಿಗೆ ಅಡ್ಡ ಬಂತು.

ಆದರೆ ಕೇಸು ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಅದೇ ಕೋರ್ಟಿನ ಮೂರು ನ್ಯಾಯಾಧೀಶರ ಪೀಠ, ಹೋಲಿಕೆ ಒಂದೇ ದಾರಿ ಅಲ್ಲ, ಉಳಿದ ಸಂಗತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಜ್ಯೂರಿಗೆ ಕಳಿಸುವಷ್ಟು ಪುರಾವೆ ಇದೆ ಅಂದಿತು. ಷಿಕಾಗೋ ಕಡೆಯ ಏಳನೇ ಸರ್ಕ್ಯೂಟ್ 2016ರಲ್ಲೇ ಇದನ್ನು ಹೇಳಿತ್ತು. ಪುರಾವೆಯನ್ನು ಬೇರೆ ಬೇರೆ ಡಬ್ಬಗಳಿಗೆ ಹಾಕಿ ಅಳೆಯಬೇಡಿ, ಎಲ್ಲ ಸೇರಿಸಿ ನೋಡಿ. ನನ್ನ ಪ್ರಕಾರ ಸರಿಯಾದ ದಾರಿ ಇದೇ.

ಬೈಗುಳದ ಮಾತಿಗೂ ಬರೋಣ. ಅಲಬಾಮಾದ ಗ್ಯಾಡ್ಸ್‌ಡನ್‌ನಲ್ಲಿ ಟೈಸನ್ ಕಂಪನಿಯ ಕೋಳಿ ಮಾಂಸದ ಕಾರ್ಖಾನೆ. ಇಬ್ಬರು ಕಪ್ಪು ಮೇಲ್ವಿಚಾರಕರು ಶಿಫ್ಟ್ ಮ್ಯಾನೇಜರ್ ಬಡ್ತಿ ಕೇಳಿದರು. ಕೊಟ್ಟದ್ದು ಬಿಳಿಯರಿಗೆ. ಬಡ್ತಿ ನಿರ್ಧರಿಸಿದ ಮ್ಯಾನೇಜರ್ ಇವರನ್ನು 'ಬಾಯ್' ಅಂತ ಕರೆಯುತ್ತಿದ್ದ ಅಂತ ಸಾಕ್ಷ್ಯ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ಬೆಳೆದು ನಿಂತ ಕಪ್ಪು ಗಂಡಸರನ್ನು ಹೀಗೆ ಕರೆಯುವುದಕ್ಕೆ ಗುಲಾಮಗಿರಿಯ ಕಾಲದ ಇತಿಹಾಸ ಇದೆ. ಮೇಲ್ಮನವಿ ಕೋರ್ಟು, ಮುಂದೆ 'ಬ್ಲ್ಯಾಕ್' ಅಂತ ಸೇರಿಸದೆ ಸುಮ್ನೆ 'ಬಾಯ್' ಅಂದರೆ ಅದು ಪುರಾವೆಯೇ ಅಲ್ಲ ಅಂತ ಹೇಳಿತ್ತು! 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿತು. ಸಂದರ್ಭ, ಧ್ವನಿ, ಆ ಕಡೆಯ ರೂಢಿ, ಹಿಂದಿನ ಬಳಕೆ ಎಲ್ಲ ನೋಡಬೇಕು ಅಂದಿತು. 1996ರಲ್ಲಿ ಶುರುವಾದ ಆ ಕೇಸು ಮೇಲೆ ಕೆಳಗೆ ಓಡಾಡಿ, ಇಬ್ಬರಲ್ಲಿ ಒಬ್ಬರಿಗೆ ಜ್ಯೂರಿ ಕೊಟ್ಟ ಪರಿಹಾರ ಉಳಿದದ್ದು 2011ರ ಕೊನೆಯಲ್ಲಿ. 15 ವರ್ಷ. ಒಬ್ಬ ಮನುಷ್ಯನ ದುಡಿಮೆಯ ಬದುಕಿನಲ್ಲಿ ಅದು ಎಷ್ಟು ದೊಡ್ಡ ಪಾಲು ಯೋಚಿಸಿ.

ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಂಡರೆ ಅದು ಪ್ರತ್ಯೇಕ ಕೇಸು. ಇಲಿನಾಯ್‌ನ ರೆಸ್ಟೋರೆಂಟೊಂದರ ಕಪ್ಪು ಸಹಾಯಕ ಮ್ಯಾನೇಜರ್, ಇನ್ನೊಬ್ಬ ಕಪ್ಪು ನೌಕರರನ್ನು ತೆಗೆದದ್ದು ಜನಾಂಗದ ಕಾರಣಕ್ಕೆ ಅಂತ ಮೇಲಿನವರಿಗೆ ಹೇಳಿದರು. ತಮ್ಮನ್ನೂ ತೆಗೆದರು ಅಂತ ಕೋರ್ಟಿಗೆ ಹೋದರು. ಹೀಗೆ ಇನ್ನೊಬ್ಬರ ಪರ ನಿಂತವರಿಗೂ 1866ರ ಕಾನೂನಿನ ರಕ್ಷಣೆ ಇದೆ ಅಂತ 2008ರಲ್ಲಿ ತೀರ್ಪು ಬಂತು. ಎಷ್ಟೋ ಸಲ ಮೂಲ ತಾರತಮ್ಯ ತೋರಿಸುವುದಕ್ಕಿಂತ ಸೇಡು ತೋರಿಸುವುದು ಸುಲಭ. ಯಾಕೆಂದರೆ ದೂರಿಗೆ ಒಂದು ತಾರೀಖು ಇರುತ್ತದೆ, ವಜಾ ಆದದ್ದಕ್ಕೂ ಒಂದು ತಾರೀಖು ಇರುತ್ತದೆ.

ಉದ್ದೇಶ ತೋರಿಸದೆಯೂ ಗೆಲ್ಲುವ ಇನ್ನೊಂದು ದಾರಿ ಇದೆ. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರದಲ್ಲಿ ಕಪ್ಪು ಜನರಿಗೆ ಕೊಡುತ್ತಿದ್ದದ್ದು ಅತಿ ಕಡಿಮೆ ಸಂಬಳದ ಕೂಲಿ ವಿಭಾಗ ಮಾತ್ರ. ಟೈಟಲ್ ಸೆವೆನ್ ಜಾರಿಗೆ ಬಂದ ದಿನವೇ, 1965ರ ಜುಲೈ 2ರಂದು, ಉಳಿದ ವಿಭಾಗಗಳಿಗೆ ಹೊಸದಾಗಿ ಸೇರಲು ಹೈಸ್ಕೂಲ್ ಪಾಸಾಗಿರುವುದರ ಜೊತೆಗೆ ಎರಡು ಪರೀಕ್ಷೆಗಳನ್ನೂ ಕಡ್ಡಾಯ ಮಾಡಿದರು. ಕಲ್ಲಿದ್ದಲು ಕೆಲಸಕ್ಕೂ ಆ ಪರೀಕ್ಷೆಗೂ ಏನು ಸಂಬಂಧ ಅಂತ ತೋರಿಸಲು ಕಂಪನಿಗೆ ಆಗಲಿಲ್ಲ. ನಿಯಮ ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿದ್ದರೂ ಒಂದು ಜನಾಂಗವನ್ನು ಹೊರಗಿಟ್ಟು, ಕೆಲಸಕ್ಕೆ ಬೇಕಾದದ್ದೂ ಅಲ್ಲದಿದ್ದರೆ ಅದು ತಪ್ಪು ಅಂತ 1971ರಲ್ಲಿ ತೀರ್ಪಾಯಿತು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಇಂಥ ಕೇಸುಗಳಿಗೆ ಒತ್ತು ಕೊಡಬೇಡಿ ಅಂತ ಸರ್ಕಾರಿ ಸಂಸ್ಥೆಗಳಿಗೆ ಆದೇಶ ಹೊರಡಿಸಿದರು. ಕಾಯ್ದೆ ಬದಲಾಗಿಲ್ಲ, ಜನ ತಾವೇ ಕೇಸು ಹಾಕಬಹುದು. ಆದರೆ ಇಂಥ ಕೇಸಿಗೆ ಅಂಕಿಅಂಶ, ತಜ್ಞರು ಬೇಕು. ಒಬ್ಬ ಕೂಲಿ ಕಾರ್ಮಿಕನಿಗೆ ಅದೆಲ್ಲ ಎಲ್ಲಿಂದ ಬರಬೇಕು?

ಇತ್ತೀಚಿನ ಎರಡು ತೀರ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಸಂಬಳ ಕಡಿಮೆಯಾಗದಿದ್ದರೂ ವರ್ಗಾವಣೆಯಿಂದ ಏನಾದರೂ ನಷ್ಟ ಆಗಿದ್ದರೆ ಸಾಕು, ದೊಡ್ಡ ನಷ್ಟವೇ ಆಗಬೇಕಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ಸೇಂಟ್ ಲೂಯಿಸ್ ಕೇಸೇ, ಪೊಲೀಸ್ ಮಹಿಳೆಯೊಬ್ಬರದು. 2025ರ ಜೂನ್‌ನಲ್ಲಿ, ಬಹುಸಂಖ್ಯಾತ ಗುಂಪಿನವರು ಕೇಸು ಹಾಕಿದರೆ ಅವರಿಂದ ಹೆಚ್ಚಿನ ಪುರಾವೆ ಕೇಳುವ ಹಾಗಿಲ್ಲ ಅಂತ ಒಮ್ಮತದ ತೀರ್ಪು ಬಂತು.

ದುಡ್ಡಿನ ವಿಷಯ. ಟೈಟಲ್ ಸೆವೆನ್ ಅಡಿ ಮಾನಸಿಕ ನೋವಿನ ಪರಿಹಾರ, ದಂಡರೂಪದ ಪರಿಹಾರ ಎರಡೂ ಸೇರಿ ಎಷ್ಟೇ ದೊಡ್ಡ ಕಂಪನಿಯಾದರೂ 3 ಲಕ್ಷ ಡಾಲರ್ ಮೀರುವ ಹಾಗಿಲ್ಲ. ಚಿಕ್ಕ ಕಂಪನಿಗಳಿಗೆ 50 ಸಾವಿರ. ತಪ್ಪಿದ ಸಂಬಳ ಬೇರೆ. 1991ರಲ್ಲಿ ಹಾಕಿದ ಈ ಮಿತಿಯನ್ನು ಇವತ್ತಿನ ತನಕ ಏರಿಸಿಲ್ಲ. 1866ರ ಕಾನೂನಿಗೆ ಮಿತಿ ಇಲ್ಲ. ಆದರೆ ಅಲ್ಲಿ ಪುರಾವೆಯ ಪಟ್ಟು ಬಿಗಿ: ಟೈಟಲ್ ಸೆವೆನ್‌ನಲ್ಲಿ ಜನಾಂಗವೂ ಒಂದು ಕಾರಣ ಅಂತ ತೋರಿಸಿದರೆ ಸಾಕು, ಇಲ್ಲಿ ಜನಾಂಗ ಇಲ್ಲದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ ಅಂತ ತೋರಿಸಬೇಕು. ಇದು 2020ರ ತೀರ್ಪು. ಕ್ಯಾಲಿಫೋರ್ನಿಯಾದ ಟೆಸ್ಲಾ ಕಾರ್ಖಾನೆಯಲ್ಲಿ ಲಿಫ್ಟ್ ನಡೆಸುತ್ತಿದ್ದ ಕಪ್ಪು ಕೆಲಸಗಾರರೊಬ್ಬರಿಗೆ 2021ರಲ್ಲಿ ಜ್ಯೂರಿ ಸುಮಾರು 13.7 ಕೋಟಿ ಡಾಲರ್ ಕೊಟ್ಟದ್ದು 1866ರ ಕಾನೂನಿನಡಿಯೇ. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆ ಅಂಕಿ. ನ್ಯಾಯಾಧೀಶರು ಅದನ್ನು 1.5 ಕೋಟಿಗೆ ಇಳಿಸಿದರು, ಆ ಕೆಲಸಗಾರರು ಒಪ್ಪಲಿಲ್ಲ, ಮತ್ತೆ ವಿಚಾರಣೆ ನಡೆದು 2023ರಲ್ಲಿ ಎರಡನೇ ಜ್ಯೂರಿ ಕೊಟ್ಟದ್ದು ಸುಮಾರು 32 ಲಕ್ಷ. ಅವರು ಏಜೆನ್ಸಿ ಮೂಲಕ ಬಂದವರಾದ್ದರಿಂದ ಆರ್ಬಿಟ್ರೇಷನ್ ಕರಾರಿಗೆ (ಜಗಳವನ್ನು ಕೋರ್ಟಿನ ಹೊರಗೆ ಬಗೆಹರಿಸಿಕೊಳ್ಳುವ ಒಪ್ಪಂದ) ಸಹಿ ಹಾಕಿರಲಿಲ್ಲ, ಅದಕ್ಕೇ ಕೇಸು ಜ್ಯೂರಿಯ ಮುಂದೆ ಬಂತು. ನಿಮ್ಮ ಆಫರ್ ಲೆಟರ್ ಜೊತೆ ಬರುವ ಕಾಗದಗಳಲ್ಲಿ ಈ ಕರಾರು ಇದೆಯಾ ನೋಡಿ. ಸಹಿ ಹಾಕಿದ್ದರೆ ನಿಮ್ಮ ದೂರು ಸಾಮಾನ್ಯವಾಗಿ ಖಾಸಗಿ ಪಂಚಾಯ್ತಿಗೆ ಹೋಗುತ್ತದೆ, ಮುಚ್ಚಿದ ಬಾಗಿಲ ಹಿಂದೆ.

ಈಗ ನಮ್ಮ ಜನರ ಸಂಗತಿ. ಇಲ್ಲಿ ಭಾರತೀಯರು ಎರಡೂ ಕಡೆ ಇದ್ದೇವೆ. ಭಾರತೀಯರನ್ನು ಉಳಿಸಿಕೊಂಡು ಉಳಿದವರನ್ನು ಕೆಲಸ ಕೊಡದೆ ಬೆಂಚ್ ಮೇಲೆ ಕೂರಿಸಿ ಕಳಿಸುತ್ತಾರೆ ಅಂತ ಟಿಸಿಎಸ್ ಮೇಲೆ ಕೇಸು ಇತ್ತು, 2018ರಲ್ಲಿ ಜ್ಯೂರಿ ಕಂಪನಿಯ ಪರ ತೀರ್ಪು ಕೊಟ್ಟಿತು. ಕಾಗ್ನಿಜೆಂಟ್ ಮೇಲೆ ಅಂಥದ್ದೇ ಕೇಸಿನಲ್ಲಿ 2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ, ಕಂಪನಿ ಬೇಕೆಂದೇ ತಾರತಮ್ಯ ಮಾಡಿದೆ ಅಂದಿತು.

ಜಾತಿ ಕೂಡ ಆ ಕೋರ್ಟುಗಳಿಗೆ ಹೋಗಿದೆ. ದಲಿತ ಎಂಜಿನಿಯರ್ ಒಬ್ಬರಿಗೆ ಮೇಲ್ಜಾತಿಯ ಭಾರತೀಯ ಮ್ಯಾನೇಜರ್‌ಗಳು ತಾರತಮ್ಯ ಮಾಡಿದರು ಅಂತ 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಸಿಸ್ಕೋ ಮೇಲೆ ದಾವೆ ಹಾಕಿತು. ಕಂಪನಿ ಆರೋಪ ಒಪ್ಪಿಲ್ಲ. ಇಬ್ಬರು ಮ್ಯಾನೇಜರ್‌ಗಳ ಮೇಲಿನ ಕೇಸನ್ನು 2023ರಲ್ಲಿ ಇಲಾಖೆಯೇ ಕೈಬಿಟ್ಟಿತು. ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆಯನ್ನು ಅದೇ ವರ್ಷ ರಾಜ್ಯಪಾಲರು ತಡೆಹಿಡಿದರು. ವಂಶದ ಆಧಾರದ ತಾರತಮ್ಯ ಈಗಾಗಲೇ ನಿಷಿದ್ಧ, ಹೊಸ ಕಾನೂನು ಬೇಡ ಅನ್ನುವುದು ಅವರ ಕಾರಣ. ವಂಶದ ಈ ಮಾತಿಗೆ ಒಂದು ಹಳೆ ಬೇರೂ ಇದೆ. ಇರಾಕ್‌ನಲ್ಲಿ ಹುಟ್ಟಿದ ಪ್ರಾಧ್ಯಾಪಕರೊಬ್ಬರ ಕೇಸಿನಲ್ಲಿ, ಅರಬ್ಬರೂ ಬಿಳಿಯರೇ, ಇದು ಜನಾಂಗದ ಕೇಸಲ್ಲ ಅಂತ ಕಾಲೇಜು ವಾದಿಸಿದಾಗ, 1866ರ ಕಾನೂನು ವಂಶದ ಆಧಾರದ ತಾರತಮ್ಯಕ್ಕೂ ಅನ್ವಯಿಸುತ್ತದೆ ಅಂತ 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಊರು ಬಿಟ್ಟು ಅಷ್ಟು ದೂರ ಹೋದ ಮೇಲೂ ಊಟದ ಟೇಬಲ್ ಹತ್ತಿರ ಜಾತಿ ಕೇಳುವವರು ನಮ್ಮವರೇ ಅನ್ನುವುದು ನನಗೆ ನಾಚಿಕೆಯ ವಿಷಯ.

ಒಬ್ಬರು ನನ್ನನ್ನು ಕೇಳಿದರು, ನನಗೆ ಹೀಗೆ ಆಗುತ್ತಿದೆ ಅಂತ ಅನ್ನಿಸಿದರೆ ಏನು ಮಾಡಬೇಕು ಅಂತ. ದೂರನ್ನು ಬರವಣಿಗೆಯಲ್ಲಿ ಕೊಡಿ. ಅದರಲ್ಲಿ ಜನಾಂಗ ಅಥವಾ ವಂಶದ ವಿಷಯವನ್ನು ನೇರವಾಗಿ ಬರೆಯಿರಿ. "ನನಗೆ ಅನ್ಯಾಯ ಆಗುತ್ತಿದೆ" ಅಂತ ಮಾತ್ರ ಬರೆದರೆ ಆಮೇಲೆ ಸೇಡಿನ ಕೇಸು ನಿಲ್ಲುವುದು ಕಷ್ಟ. ಯಾರು, ಯಾವಾಗ, ಯಾರ ಎದುರಿಗೆ ಏನಂದರು ಅನ್ನುವುದನ್ನು ಅದೇ ದಿನ ಬರೆದಿಟ್ಟುಕೊಳ್ಳಿ. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ನಕಲು ಮಾಡಿ ಮನೆಗೆ ತರಬೇಡಿ. ಅದು ಹೊರಬಿದ್ದರೆ ಗೆದ್ದರೂ ಪರಿಹಾರ ಕಡಿಮೆಯಾಗುತ್ತದೆ, 1995ರಲ್ಲಿ ಹಾಗೆ ತೀರ್ಪಾಗಿದೆ. ಆ ಕಡತಗಳನ್ನು ಕೋರ್ಟಿನ ಮೂಲಕವೇ ತರಿಸಬಹುದು, ಅವು ಉಳಿದಿದ್ದರೆ. ನೇಮಕಾತಿ, ಬಡ್ತಿ, ವಜಾದ ದಾಖಲೆಗಳನ್ನು ಕಂಪನಿ ಒಂದು ವರ್ಷ ಇಟ್ಟುಕೊಂಡರೆ ಸಾಕು ಅನ್ನುತ್ತದೆ ಆಯೋಗದ ನಿಯಮ. ದೂರು ದಾಖಲಾದರೆ ಮಾತ್ರ ಕೇಸು ಮುಗಿಯುವ ತನಕ ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನು ನಾಶ ಮಾಡುವ ಹಾಗಿಲ್ಲ. ಕೋರ್ಟು ಹೋಲಿಕೆಗೆ ಕೇಳುವ ಬಿಳಿಯ ಸಹೋದ್ಯೋಗಿಗೆ ಯಾವಾಗ ಏನು ರಿಯಾಯಿತಿ ಕೊಟ್ಟರು ಅನ್ನುವ ಕಾಗದ ನಿಮ್ಮ ಕೇಸಿಗೆ ಬೇಕೇ ಬೇಕು. ಹಾಗಾಗಿ 300 ದಿನ ಇದೆ ಅಂತ ಕೊನೆಯ ವಾರದ ತನಕ ಕಾಯಬೇಡಿ.